ಅಗ್ಗದ ಸೀಡಿ ಪ್ಲೇಯರ್, ದುಬಾರಿ ಸೀಡಿ ಪ್ಲೇಯರ್: ಧ್ವನಿಯ ಗುಣಮಟ್ಟ ತೂಗಿ ನೋಡಲು ಸಮಗ್ರ ಮಾರ್ಗದರ್ಶಿ

ಎರಡು ಪ್ಲೇಯರ್‌ಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಹಾಡು ಹಾಕಿದರೆ ಹೆಚ್ಚಿನವರಿಗೆ ದುಬಾರಿ ಸೆಟ್ಟೇ ಚೆನ್ನಾಗಿ ಕೇಳಿಸುತ್ತದೆ. ಇದಕ್ಕೆ ಮೊದಲ ಕಾರಣ ಬೆಲೆಯ ಚೀಟಿ, ಎರಡನೆಯದು ವೋಲ್ಟೇಜ್. ಸೀಡಿ ಪ್ಲೇಯರ್‌ನ ಲೈನ್ ಔಟ್‌ಪುಟ್ (ಆಂಪ್ಲಿಫೈಯರ್‌ಗೆ ಹೋಗುವ ಸಿಗ್ನಲ್) ಪೂರ್ಣ ಮಟ್ಟದಲ್ಲಿ 2 ವೋಲ್ಟ್ ಇರಬೇಕು ಎಂಬುದು ರೂಢಿ. ಆದರೆ ಸೀಡಿ ಕೇಳಲು ಬಳಸುವ ಅಗ್ಗದ ಡಿವಿಡಿ ಪ್ಲೇಯರ್ 1.5 ವೋಲ್ಟ್ ಮಾತ್ರ ಕೊಡಬಹುದು, ದುಬಾರಿ ಸೆಟ್ಟು 2.4 ವೋಲ್ಟ್ ಕೊಡಬಹುದು. ಇವೆರಡರ ನಡುವೆ ಸುಮಾರು 4 ಡೆಸಿಬಲ್ ವ್ಯತ್ಯಾಸ. ವ್ಯತ್ಯಾಸ ಒಂದು ಡೆಸಿಬಲ್‌ಗಿಂತ ಕಡಿಮೆ ಇದ್ದರೆ ಕಿವಿ ಅದನ್ನು ‘ಜೋರು’ ಎಂದು ಗುರುತಿಸುವುದಿಲ್ಲ, ‘ಸ್ಪಷ್ಟ’, ‘ತುಂಬಿದ ಧ್ವನಿ’ ಎಂದು ಗುರುತಿಸುತ್ತದೆ. ಮಟ್ಟ ಸರಿಹೊಂದಿಸದೆ ಮಾಡಿದ ಯಾವ ಹೋಲಿಕೆಗೂ ಬೆಲೆಯಿಲ್ಲ, ಮಾಡಿದವರು ಎಷ್ಟೇ ಅನುಭವಿಗಳಾಗಿರಲಿ.

ಆದ್ದರಿಂದ ಕೆಲಸದ ಕ್ರಮ ಹೀಗೆ: ಮೊದಲು ಎರಡೂ ಸೆಟ್ಟು ಆರೋಗ್ಯವಾಗಿವೆಯೇ ನೋಡುವುದು, ಆಮೇಲೆ ಒಂದೇ ಡಿಸ್ಕಿನ ಎರಡು ಪ್ರತಿ ಮಾಡುವುದು, ಮಟ್ಟ ಸರಿಹೊಂದಿಸುವುದು, ಕೊನೆಗೆ ಯಾವುದು ನುಡಿಯುತ್ತಿದೆ ಎಂದು ತಿಳಿಯದಂತೆ ಕೇಳುವುದು.

ಮೊದಲು ಸೆಟ್ಟಿನ ಆರೋಗ್ಯ

ಮಂಗಳೂರು, ಉಡುಪಿಯ ಹವೆಯಲ್ಲಿ ಐದಾರು ಮಳೆಗಾಲ ಕಂಡ ಪ್ಲೇಯರ್ ಹೊಸದರ ಹಾಗೆ ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ. ತೇವಕ್ಕೆ ಲೆನ್ಸಿನ ಮೇಲೆ ಮಬ್ಬು ಕೂರುತ್ತದೆ, ಉಪ್ಪುಗಾಳಿಗೆ ಹಿಂಬದಿಯ ಆರ್‌ಸಿಎ ಸಾಕೆಟ್ (ಆಡಿಯೋ ತಂತಿ ಚುಚ್ಚುವ ತೂತು) ಕಪ್ಪಾಗುತ್ತದೆ, ಟ್ರೇ ಎಳೆಯುವ ರಬ್ಬರ್ ಬೆಲ್ಟ್ ಅಂಟಂಟಾಗುತ್ತದೆ. ಕಪ್ಪಾದ ಸಾಕೆಟ್‌ನಿಂದ ಒಂದು ಚಾನೆಲ್ ಅರ್ಧ ಡೆಸಿಬಲ್ ಇಳಿದಿದ್ದರೆ ನೀವು ಅದನ್ನು ‘ಸ್ಟೀರಿಯೋ ಹರವು ಕಡಿಮೆ’ ಎಂದು ಪ್ಲೇಯರ್‌ನ ಲೆಕ್ಕಕ್ಕೆ ಹಾಕುತ್ತೀರಿ.

ಪ್ಲಗ್ಗನ್ನು ಸಾಕೆಟ್ಟಿನಲ್ಲಿ ಹತ್ತು ಬಾರಿ ತಿರುಗಿಸಿ ತೆಗೆದು ಹಾಕಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಉಳಿದದ್ದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಲೆನ್ಸ್ ಒರೆಸುವಾಗ ಪ್ಲಗ್ ಕಿತ್ತಿಡಿ. 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಕಡ್ಡಿಗೆ ಒಂದೇ ಹನಿ ಹಾಕಿ, ಒತ್ತದೆ ಒರೆಸಿ. ಲೆನ್ಸ್ ನಿಂತಿರುವುದು ಕೂದಲಿನಷ್ಟು ಸಪೂರದ ಆಧಾರದ ಮೇಲೆ. ಒತ್ತಿದರೆ ಓರೆಯಾಗುತ್ತದೆ, ಆಮೇಲೆ ಪಿಕಪ್ಪನ್ನೇ (ಲೇಸರ್, ಲೆನ್ಸ್ ಇರುವ ಭಾಗ) ಬದಲಿಸಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಲೆನ್ಸಿನ ಮೇಲೆ ಪೊರೆಯಾಗಿ ಉಳಿಯುತ್ತದೆ. ಎಸಿ ಕೋಣೆಯಿಂದ ಹೊರತಂದ ಸೆಟ್ಟನ್ನು ತಕ್ಷಣ ಚಾಲೂ ಮಾಡಬೇಡಿ, ಒಂದು ಗಂಟೆ ಬಿಟ್ಟರೆ ಲೆನ್ಸಿನ ಮೇಲಿನ ಇಬ್ಬನಿ ಆರುತ್ತದೆ.

ನಮ್ಮ ಕಡೆ ಗಲ್ಫ್‌ನಿಂದ ಬಂದ ಹಳೆಯ ಸೆಟ್ಟುಗಳು ಬಹಳ. ಚಾಲೂ ಮಾಡುವ ಮೊದಲು ಹಿಂಬದಿಯ ಫಲಕ ಓದಿ. ಸೌದಿಯಲ್ಲಿ ಹಿಂದೆ ಮನೆಗಳಿಗೆ 127 ವೋಲ್ಟ್, 60 ಹರ್ಟ್ಸ್ ಕರೆಂಟು ಇತ್ತು, ಅಲ್ಲಿಂದ ಬಂದ ಸೆಟ್ಟಿನ ವೋಲ್ಟೇಜ್ ಸ್ವಿಚ್ ಕೆಳಗಿನ ಅಂಕೆಯಲ್ಲೇ ನಿಂತಿರಬಹುದು. ಜಪಾನಿನ ಒಳಮಾರುಕಟ್ಟೆಯ ಸೆಟ್ಟು 100 ವೋಲ್ಟಿನದು, ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ನೇರವಾಗಿ ನಮ್ಮ 230 ವೋಲ್ಟಿಗೆ ಕೊಟ್ಟರೆ ಫ್ಯೂಸ್ ಹೋಗುವುದು ಅದೃಷ್ಟ, ಟ್ರಾನ್ಸ್‌ಫಾರ್ಮರ್ ಸುಡುವುದು ವಾಡಿಕೆ.

ಮೆನು ಇರುವ ಡಿವಿಡಿ, ಬ್ಲೂ-ರೇ ಪ್ಲೇಯರ್‌ಗಳಲ್ಲಿ ಬಾಸ್ ಬೂಸ್ಟ್, ತ್ರೀಡಿ ಸೌಂಡ್, ಈಕ್ವಲೈಸರ್, ಡೈನಾಮಿಕ್ ರೇಂಜ್ ಕಂಟ್ರೋಲ್ ಎಲ್ಲವನ್ನೂ ಆಫ್ ಮಾಡಿ. ರಿಮೋಟಿನಲ್ಲಿ ವಾಲ್ಯೂಮ್ ಇದ್ದರೆ ಅದನ್ನು ಪೂರ್ತಿ ಏರಿಸಿ, ಏಕೆಂದರೆ ಇಳಿಸಿದಷ್ಟೂ ಬಿಟ್‌ಗಳು ಖರ್ಚಾಗುತ್ತವೆ. ಅಗ್ಗದ ಡಿವಿಡಿ ಪ್ಲೇಯರ್ ಕೆಟ್ಟದಾಗಿ ನುಡಿಯುತ್ತದೆ ಎಂಬ ದೂರುಗಳಲ್ಲಿ ಎಷ್ಟೋ ಈ ಮೆನುವಿನಲ್ಲೇ ಪರಿಹಾರವಾಗುತ್ತವೆ.

ಪರೀಕ್ಷೆಯ ಡಿಸ್ಕ್

ಆಡಿಯೋ ಸೀಡಿ ಎಂದರೆ 44.1 ಕಿಲೋಹರ್ಟ್ಸ್, 16 ಬಿಟ್, ಎರಡು ಚಾನೆಲ್. ಸಂತೆಯಲ್ಲಿ ಸಿಗುತ್ತಿದ್ದ ‘ನೂರು ಹಾಡಿನ’ ಎಂಪಿ3 ಸೀಡಿ ಇದಕ್ಕೆ ಆಗದು, ಅದರಲ್ಲಿ ಪ್ಲೇಯರ್‌ನ ಡಿಕೋಡರ್ ಕೂಡ ನಡುವೆ ಬರುತ್ತದೆ. ವಿಸಿಡಿಯೂ ಬೇಡ, ಅದರ ಧ್ವನಿ 224 ಕಿಲೋಬಿಟ್‌ಗೆ ಕುಗ್ಗಿಸಿದ್ದು.

ಹೈಬ್ರಿಡ್ ಎಸ್‌ಎಸಿಡಿ (ಸೂಪರ್ ಆಡಿಯೋ ಸೀಡಿ; ಒಂದೇ ಡಿಸ್ಕಿನಲ್ಲಿ ಉನ್ನತ ದರ್ಜೆಯ ಪದರ ಮತ್ತು ಮಾಮೂಲಿ ಸೀಡಿ ಪದರ) ಬಳಸಿದರೆ ಇನ್ನೊಂದು ಬಲೆ. ದುಬಾರಿ ಪ್ಲೇಯರ್ ಅದರ ಎಸ್‌ಎಸಿಡಿ ಪದರವನ್ನು ಓದಬಹುದು, ಅಗ್ಗದ್ದು ಸೀಡಿ ಪದರವನ್ನು ಓದುತ್ತದೆ. ಎರಡೂ ಪದರಗಳ ಮಾಸ್ಟರಿಂಗ್ (ಸ್ಟುಡಿಯೋದ ಕೊನೆಯ ಹದಗೊಳಿಸುವಿಕೆ) ಬೇರೆಯಿರುವುದು ಸಾಮಾನ್ಯ, ಆಗ ನೀವು ಹೋಲಿಸುತ್ತಿರುವುದು ಸ್ಟುಡಿಯೋದವರ ಎರಡು ದಿನದ ಕೆಲಸವನ್ನೇ ಹೊರತು ಪ್ಲೇಯರ್‌ಗಳನ್ನಲ್ಲ. 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಮೇಯರ್ ಮತ್ತು ಮೋರಾನ್ ಪ್ರಕಟಿಸಿದ ಪರೀಕ್ಷೆಯಲ್ಲಿ ಉನ್ನತ ದರ್ಜೆಯ ಡಿಸ್ಕುಗಳ ಧ್ವನಿಯನ್ನು 16 ಬಿಟ್, 44.1 ಕಿಲೋಹರ್ಟ್ಸ್ ಕೊಂಡಿಯ ಮೂಲಕ ಹಾಯಿಸಿ ಮತ್ತು ಹಾಯಿಸದೆ ಕೇಳಿಸಲಾಯಿತು. 554 ಬಾರಿಯಲ್ಲಿ ಸರಿಯುತ್ತರ ಬಂದದ್ದು 276 ಬಾರಿ, ಅಂದರೆ ನಾಣ್ಯ ಚಿಮ್ಮಿದಷ್ಟೇ.

ಡಿಸ್ಕನ್ನು ನೀವೇ ಮಾಡಿ. ಉಚಿತವಾಗಿ ಸಿಗುವ ಧ್ವನಿ ಸಂಪಾದನೆಯ ತಂತ್ರಾಂಶ ಆಡಾಸಿಟಿ ಸಾಕು. ಪ್ರಾಜೆಕ್ಟ್ ದರ 44100 ಇದೆಯೇ ನೋಡಿಕೊಳ್ಳಿ, ಕೆಲವು ಕಂಪ್ಯೂಟರ್‌ಗಳಲ್ಲಿ ಅದು 48000ಕ್ಕೆ ಹಾರಿರುತ್ತದೆ.

1. 400 ಹರ್ಟ್ಸ್ ಸೈನ್ ತರಂಗ, ಆಂಪ್ಲಿಟ್ಯೂಡ್ 0.25 (ಪೂರ್ಣ ಮಟ್ಟಕ್ಕಿಂತ 12 ಡೆಸಿಬಲ್ ಕೆಳಗೆ), 3 ನಿಮಿಷ.
2. ಅದೇ ಸ್ವರ, 30 ಸೆಕೆಂಡ್ ಎಡಕ್ಕೆ ಮಾತ್ರ, 30 ಸೆಕೆಂಡ್ ಬಲಕ್ಕೆ ಮಾತ್ರ.
3. 1 ಕಿಲೋಹರ್ಟ್ಸ್, ಆಂಪ್ಲಿಟ್ಯೂಡ್ 0.001 (60 ಡೆಸಿಬಲ್ ಕೆಳಗೆ), 1 ನಿಮಿಷ.
4. ಪಿಂಕ್ ನಾಯ್ಸ್ (ಎಲ್ಲ ಸ್ಥಾಯಿಗಳೂ ಬೆರೆತ ‘ಭೋರ್’ ಸದ್ದು), 2 ನಿಮಿಷ.
5. ಆಮೇಲೆ ನಿಮ್ಮ ಸಂಗೀತದ ತುಣುಕುಗಳು, ತಲಾ ಒಂದು ನಿಮಿಷ.

ಸಂಗೀತವನ್ನು ಎಕ್ಸಾಕ್ಟ್ ಆಡಿಯೋ ಕಾಪಿಯಂಥ ತಂತ್ರಾಂಶದಲ್ಲಿ ವೇವ್ ಕಡತವಾಗಿಯೇ ಇಳಿಸಿ. ಎರಡು ಸೀಡಿ-ಆರ್‌ಗಳಿಗೆ ಒಂದೇ ಬ್ರಾಂಡು, ಒಂದೇ ಡ್ರೈವು, ಒಂದೇ ವೇಗದಲ್ಲಿ ಡಿಸ್ಕ್-ಅಟ್-ಒನ್ಸ್ (ಇಡೀ ಡಿಸ್ಕನ್ನು ನಡುವೆ ನಿಲ್ಲಿಸದೆ) ಆಗಿ ಬರೆಯಿರಿ. ಸೀಡಿ-ಆರ್‌ಡಬ್ಲ್ಯೂ ಬೇಡ. ಅದು ಬೆಳಕನ್ನು ತೀರ ಕಡಿಮೆ ಪ್ರತಿಫಲಿಸುತ್ತದೆ, ಹಳೆಯ ಪ್ಲೇಯರ್‌ಗಳು ಓದಲು ಒಪ್ಪುವುದಿಲ್ಲ.

ಯಾವ ಸಂಗೀತ ಎಂಬುದರಲ್ಲಿ ಸ್ವಲ್ಪ ವಿವೇಚನೆ ಬೇಕು. ತೆಂಕುತಿಟ್ಟಿನ ಚೆಂಡೆ ಒಳ್ಳೆಯ ಪರೀಕ್ಷಕ: ಕೋಲು ಬಿದ್ದ ಮೊದಲ ಮಿಲಿಸೆಕೆಂಡುಗಳಲ್ಲಿ ಸದ್ದು ಇಷ್ಟು ಚೂಪಾಗಿ ಏರುವ ವಾದ್ಯ ಕಡಿಮೆ. ಹಿಂದೆಯೇ ಬರುವ ಚಕ್ರತಾಳದ ಝೇಂಕಾರ ಆರುವ ಬಗೆ ಮೇಲಿನ ಸ್ಥಾಯಿಯ ದೋಷಗಳನ್ನು ತೋರಿಸುತ್ತದೆ. ಆದರೆ ಯಕ್ಷಗಾನದ ಎಷ್ಟೋ ಸೀಡಿಗಳು ಹಳೆಯ ಕ್ಯಾಸೆಟ್ ಮಾಸ್ಟರ್‌ನಿಂದ ಬಂದವು. ಟೇಪಿನ ‘ಸ್ಸ್’ ಸದ್ದು ಯಾವ ಪ್ಲೇಯರ್‌ನ ಸದ್ದಿಗಿಂತಲೂ ಎಷ್ಟೋ ಮೇಲಿರುವುದರಿಂದ ಅಂಥ ಡಿಸ್ಕಿನಲ್ಲಿ ‘ಹಿನ್ನೆಲೆಯ ಮೌನ’ ಹುಡುಕುವುದು ವ್ಯರ್ಥ. ಭಾಗವತರ ಏರುಪದದಲ್ಲಿ ಧ್ವನಿ ಒಡೆದರೂ ಪ್ಲೇಯರ್‌ನ ಮೇಲೆ ಹಾಕುವ ಮುನ್ನ ಆಡಾಸಿಟಿಯಲ್ಲಿ ಕ್ಲಿಪ್ಪಿಂಗ್ (ಮಟ್ಟ ಮೀರಿ ತರಂಗದ ತುದಿ ಕತ್ತರಿಸಿಹೋಗುವುದು) ತೋರಿಸುವ ಆಯ್ಕೆ ಒತ್ತಿ ನೋಡಿ. ಕೆಂಪು ಗೆರೆ ಬಂದರೆ ಅದು ಧ್ವನಿಮುದ್ರಣದಲ್ಲೇ ಒಡೆದದ್ದು.

ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕಛೇರಿಯ ಒಳ್ಳೆಯ ಸ್ಟುಡಿಯೋ ಮುದ್ರಣ ಇದ್ದರೆ ಅದನ್ನು ಸೇರಿಸಿ. ಆ ವಾದ್ಯದ ನಡು ಸ್ಥಾಯಿ ತುಂಬ ಸಮೃದ್ಧ, ಉಸಿರು ತೆಗೆಯುವ ಸದ್ದು, ಕೀಲಿಗಳ ಟಪ್ ಸದ್ದು ಕೂಡ ಮೈಕಿಗೆ ಸಿಗುತ್ತವೆ. ಇಗರ್ಜಿಯ ಕಾಯರ್ ಹಾಡು ಒಂದಿರಲಿ: ಹಲವು ಕಂಠಗಳು ಒಟ್ಟಿಗೆ ಏರುವಾಗ ವಿಕೃತಿ ಬೇಗ ಗೊತ್ತಾಗುತ್ತದೆ. ಕೊನೆಗೆ ತಂಬೂರಿ ಮಾತ್ರ ಉಳಿದು ನಿಧಾನ ಮರೆಯಾಗುವ ಒಂದು ತುಣುಕು.

1980ರ ದಶಕದ ಕೆಲವು ಡಿಸ್ಕುಗಳಲ್ಲಿ ಪ್ರಿ-ಎಂಫಸಿಸ್ ಇರುತ್ತದೆ, ಅಂದರೆ ಮೇಲಿನ ಸ್ಥಾಯಿಯನ್ನು ಎತ್ತಿ ಬರೆದು ಪ್ಲೇಯರ್‌ನಲ್ಲಿ ಇಳಿಸುವ ವ್ಯವಸ್ಥೆ. ಕೆಲವು ಅಗ್ಗದ ಡಿವಿಡಿ ಪ್ಲೇಯರ್‌ಗಳು ಇಳಿಸುವುದನ್ನು ಮರೆಯುತ್ತವೆ, ಆಗ ತುದಿಯಲ್ಲಿ ಸುಮಾರು 10 ಡೆಸಿಬಲ್ ಹೆಚ್ಚಾಗಿ ಧ್ವನಿ ಕಿವಿಗೆ ಚುಚ್ಚುತ್ತದೆ. ಇದು ನಿಜವಾದ ದೋಷ. ಆ ಕಾಲದ ಡಿಸ್ಕುಗಳು ನಿಮ್ಮಲ್ಲಿದ್ದರೆ ಮೂಲ ಡಿಸ್ಕನ್ನೇ ಹಾಕಿ ಬೇರೆಯಾಗಿ ನೋಡಿ.

ಮಟ್ಟ ಸರಿಹೊಂದಿಸುವುದು

ಎಡವುವ ಜಾಗ ಇದೇ. ಗುರಿ 0.1 ಡೆಸಿಬಲ್, ಅಂದರೆ ವೋಲ್ಟೇಜಿನಲ್ಲಿ ಶೇಕಡಾ 1.2ರಷ್ಟು.

ಇನ್ನೂರು ಮುನ್ನೂರು ರೂಪಾಯಿಯ ಹಳದಿ ಮಲ್ಟಿಮೀಟರ್‌ಗಳಲ್ಲಿ ಎಸಿ ಅಳೆಯಲು 200 ಮತ್ತು 750 ವೋಲ್ಟಿನ ಸ್ಥಾನಗಳು ಮಾತ್ರ ಇರುತ್ತವೆ, ಅವು 0.1 ವೋಲ್ಟಿಗಿಂತ ಸಣ್ಣದನ್ನು ತೋರಿಸವು. ಎಸಿಯಲ್ಲಿ 2 ವೋಲ್ಟಿನ ಸ್ಥಾನ ಇರುವ ಅಥವಾ ತಾನೇ ರೇಂಜ್ ಹಿಡಿಯುವ ಮೀಟರ್ ಬೇಕು. 400 ಹರ್ಟ್ಸ್ ಸ್ವರ ಬಳಸುವುದೂ ಇದಕ್ಕೇ: ಸಾಧಾರಣ ಮೀಟರ್‌ಗಳು ಅದಕ್ಕಿಂತ ಮೇಲೆ ತಪ್ಪು ತೋರಿಸತೊಡಗುತ್ತವೆ.

ಪ್ಲೇಯರ್‌ಗಳನ್ನು ಆಂಪ್ಲಿಫೈಯರ್‌ನ ಸೀಡಿ ಮತ್ತು ಆಕ್ಸ್ ಇನ್‌ಪುಟ್‌ಗಳಿಗೆ ಕೊಡಿ, ಗ್ರಾಮಫೋನಿಗೆಂದಿರುವ ಫೋನೋಗೆ ಬೇಡ. ಟೋನ್ ಕಂಟ್ರೋಲ್, ಲೌಡ್‌ನೆಸ್ ಆಫ್. ಮೊದಲ ಟ್ರ್ಯಾಕ್ ಹಾಕಿ, ಮೀಟರ್ ಕಡ್ಡಿಗಳನ್ನು ಎಡ ಸ್ಪೀಕರ್‌ನ ಎರಡು ಟರ್ಮಿನಲ್‌ಗಳಿಗೆ ಹಿಡಿದು, ಸುಮಾರು 1 ವೋಲ್ಟ್ ಬರುವಷ್ಟು ವಾಲ್ಯೂಮ್ ಇಡಿ. ಕಡ್ಡಿಗಳು ಒಂದಕ್ಕೊಂದು ತಾಗಿದರೆ ಆಂಪ್ ಹೋಗಬಹುದು, ಕ್ರೊಕೊಡೈಲ್ ಕ್ಲಿಪ್ ಹಾಕುವುದು ಕ್ಷೇಮ. ಈಗ ವಾಲ್ಯೂಮ್ ಮುಟ್ಟದೆ ಇನ್ನೊಂದು ಇನ್‌ಪುಟ್‌ಗೆ ತಿರುಗಿಸಿ. ಒಂದು 1.000, ಇನ್ನೊಂದು 1.250 ತೋರಿಸಿದರೆ ವ್ಯತ್ಯಾಸ ಸುಮಾರು 1.9 ಡೆಸಿಬಲ್. ಬಲ ಸ್ಪೀಕರಿನಲ್ಲೂ ಅಳೆಯಿರಿ.

ಜೋರಿರುವ ಪ್ಲೇಯರನ್ನು ಇಳಿಸಬೇಕು. ಎವಿ ರಿಸೀವರ್‌ನ ಇನ್‌ಪುಟ್ ಟ್ರಿಮ್ ಅರ್ಧ ಅಥವಾ ಒಂದು ಡೆಸಿಬಲ್‌ನ ಹೆಜ್ಜೆ ಇಡುತ್ತದೆ, ಅದು ಸಾಲದು. ಬಿಡಿಭಾಗದ ಅಂಗಡಿಯಲ್ಲಿ 10 ಕಿಲೋ ಓಮಿನ ಮಲ್ಟಿಟರ್ನ್ ಪ್ರಿಸೆಟ್ (ಸ್ಕ್ರೂ ತಿರುಗಿಸಿ ಹೊಂದಿಸುವ ರೆಸಿಸ್ಟರ್) ಎರಡು ಮತ್ತು ನಾಲ್ಕು ಆರ್‌ಸಿಎ ಸಾಕೆಟ್ ತನ್ನಿ. ಪ್ರತಿ ಚಾನೆಲ್‌ಗೆ ಒಂದು ಪ್ರಿಸೆಟ್: ಒಂದು ತುದಿಗೆ ಸಿಗ್ನಲ್, ಇನ್ನೊಂದು ತುದಿಗೆ ಗ್ರೌಂಡ್, ನಡುವಿನ ಕಾಲಿನಿಂದ ಆಂಪಿಗೆ. ಜೋಡಿ ಪೊಟೆನ್ಶಿಯೋಮೀಟರ್ ಬೇಡ, ಅದರ ಎರಡು ಭಾಗಗಳು ಒಂದೇ ಸಮ ಇರುವುದಿಲ್ಲ. ಸ್ಕ್ರೂ ತಿರುಗಿಸುತ್ತ ಎರಡೂ ಇನ್‌ಪುಟ್‌ಗಳಲ್ಲಿ ಎಡ ಮತ್ತು ಬಲದ ಅಳತೆಗಳ ವ್ಯತ್ಯಾಸ 10 ಮಿಲಿವೋಲ್ಟ್ ಒಳಗೆ ಬರುವಂತೆ ಮಾಡಿ. ಇದರ ನಂತರದ ಕೇಬಲ್ ಒಂದು ಮೀಟರಿಗಿಂತ ಉದ್ದ ಬೇಡ.

ಆಮೇಲೆ ಪ್ಲೇಯರ್‌ಗಳನ್ನು ಇನ್‌ಪುಟ್ ಅದಲುಬದಲು ಮಾಡಿ ಇನ್ನೊಮ್ಮೆ ಅಳೆಯಿರಿ, ಆಂಪಿನ ಎರಡು ಇನ್‌ಪುಟ್‌ಗಳೇ ಬೇರೆ ಮಟ್ಟದವಾಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಕೋಣೆ ಮತ್ತು ಹೊತ್ತು

ಮಂಗಳೂರು ಹಂಚಿನ ಮಾಡಿನ ಮೇಲೆ ಜೂನ್ ತಿಂಗಳ ಮಳೆ ಸುರಿಯುವಾಗ ಈ ಕೆಲಸಕ್ಕೆ ಕೂರಬೇಡಿ. ಫ್ಯಾನು, ಎಸಿ ಆಫ್ ಮಾಡಿ ಕೂರಬಹುದಾದ ಡಿಸೆಂಬರ್, ಜನವರಿಯ ರಾತ್ರಿ ಹೊತ್ತು ಅನುಕೂಲ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ಓಡುತ್ತಿದ್ದರೆ ನಿಲ್ಲಿಸಿ: ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ಗಳೇ ಗುಂಯ್ ಎನ್ನುತ್ತವೆ, ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ದುಬಾರಿ ಸೆಟ್ಟು ಇನ್ನೂ ಜೋರಾಗಿ. ಕಾವಿ ನೆಲದ, ಬರಿಗೋಡೆಯ ಚಾವಡಿಯಲ್ಲಿ ಪ್ರತಿಧ್ವನಿ ಸಣ್ಣ ವ್ಯತ್ಯಾಸಗಳನ್ನು ನುಂಗುತ್ತದೆ, ಅಂಥಲ್ಲಿ ಹೆಡ್‌ಫೋನ್ ವಾಸಿ. ಆದರೆ ಅದನ್ನು ಆಂಪಿಗೆ ಚುಚ್ಚಿ. ಪ್ಲೇಯರ್‌ನ ಮುಂಭಾಗದ ಹೆಡ್‌ಫೋನ್ ತೂತಿಗೆ ಒಳಗೆ ಬೇರೆಯೇ ಸರ್ಕ್ಯೂಟ್ ಇರುತ್ತದೆ.

ಸ್ಪೀಕರಿನಿಂದ ಹಮ್ ಬರುತ್ತಿದ್ದರೆ ಮೊದಲು ಡಿಶ್ ಅಥವಾ ಕೇಬಲ್ ಟಿವಿಯ ತಂತಿಯನ್ನು ಆಂಪಿನಿಂದ ಕಳಚಿ ನೋಡಿ. ಗ್ರೌಂಡ್ ಲೂಪಿನ (ಎರಡು ಕಡೆ ಅರ್ಥ್ ಆಗಿ ಹಮ್ ಹುಟ್ಟಿಸುವ ಸುತ್ತು) ಮೂಲ ಬಹಳ ಸಲ ಅಲ್ಲೇ. ಅರ್ಥಿಂಗ್ ಪಿನ್ ಮುರಿದು ಹಮ್ ನಿಲ್ಲಿಸುವ ಪದ್ಧತಿ ಅಪಾಯದ್ದು, ಮಾಡಬೇಡಿ.

ಕಣ್ಣು ಮುಚ್ಚಿ ಕೇಳುವುದು

ನೆರವಿಗೆ ಒಬ್ಬರು ಬೇಕು. ಅವರು ನಿಮ್ಮ ಬೆನ್ನ ಹಿಂದೆ ಅಥವಾ ಪರದೆಯ ಆಚೆ ಇರಲಿ, ಆಂಪಿನ ಡಿಸ್ಪ್ಲೇಗೆ ರಟ್ಟು ಮುಚ್ಚಿರಲಿ. ಮೊದಲೇ ನಾಣ್ಯ ಚಿಮ್ಮಿ 16 ಸುತ್ತಿನ ಪಟ್ಟಿ ಬರೆದಿಟ್ಟುಕೊಳ್ಳಲಿ: ರಾಜ ಬಿದ್ದರೆ ಅ, ರಾಣಿ ಬಿದ್ದರೆ ಆ. ಮನಸ್ಸಿಗೆ ಬಂದ ಹಾಗೆ ಬದಲಿಸುವವರು ಅರಿಯದೆಯೇ ಅ-ಆ-ಅ-ಆ ಎಂಬ ಸಾಲು ಹಿಡಿಯುತ್ತಾರೆ, ಕೇಳುವವರು ಅದನ್ನು ಊಹಿಸುತ್ತಾರೆ.

ಪ್ರತಿ ಸುತ್ತಿನಲ್ಲಿ 15-20 ಸೆಕೆಂಡಿನ ಅದೇ ತುಣುಕು: ಮೊದಲು ಅ ಎಂದು ಹೇಳಿ, ಆಮೇಲೆ ಆ ಎಂದು ಹೇಳಿ, ಕೊನೆಗೆ ಹೆಸರು ಹೇಳದೆ. ಮೂರನೆಯದು ಯಾವುದು ಎಂದು ಬರೆಯಿರಿ. ‘ಚೆನ್ನಾಗಿದೆ, ಚೆನ್ನಾಗಿಲ್ಲ’ ಬೇಡ. ಪ್ಲೇಯರ್ ಟ್ರ್ಯಾಕ್ ಹಿಡಿಯಲು ತೆಗೆದುಕೊಳ್ಳುವ ಹೊತ್ತು, ಮೋಟಾರಿನ ಸದ್ದು, ರಿಲೇಯ ‘ಟಿಕ್’, ಇವೆಲ್ಲ ಗುಟ್ಟು ಬಿಟ್ಟುಕೊಡುತ್ತವೆ. ಅದಕ್ಕೇ ಇನ್‌ಪುಟ್ ಖಾಲಿ ಕಡೆಗಿಟ್ಟು ಪ್ರತಿ ಬಾರಿ ಎರಡನ್ನೂ ಚಾಲೂ ಮಾಡಿ, ಹಾಡು ಸ್ವಲ್ಪ ಮುಂದೆ ಹೋದ ಮೇಲೆ ಬೇಕಾದ ಇನ್‌ಪುಟ್‌ಗೆ ತಿರುಗಿಸಬೇಕು. ನೆರವಿನವರು ಸುತ್ತು ಮುಗಿಯುವವರೆಗೆ ‘ಸರಿ’, ‘ತಪ್ಪು’ ಹೇಳಬಾರದು, ಕೆಮ್ಮಬಾರದು ಎಂದರೂ ತಪ್ಪಿಲ್ಲ.

ಎರಡೂ ಡಿಸ್ಕನ್ನು ಒಟ್ಟಿಗೆ ಓಡಿಸಿ ನಡುವೆ ಸ್ವಿಚ್ ಮಾಡುವುದು ಇನ್ನೂ ಸೂಕ್ಷ್ಮ ವಿಧಾನ. ಎರಡನ್ನೂ ಪಾಜ್‌ನಲ್ಲಿಟ್ಟು (ತಡೆದಿಟ್ಟು) ಒಂದೇ ಕ್ಷಣಕ್ಕೆ ಬಿಡಿ. ಎರಡೂ ಒಂದೇ ಕಂಪನಿಯವಾದರೆ ಒಂದೇ ರಿಮೋಟ್ ಎರಡನ್ನೂ ಎಬ್ಬಿಸಬಹುದು. ಸ್ವಿಚ್ ಮಾಡಿದಾಗ ಹಾಡು ಹಿಂದೆ ಮುಂದೆ ಜಿಗಿದರೆ ಆ ಸುತ್ತು ಲೆಕ್ಕಕ್ಕಿಲ್ಲ.

16ರಲ್ಲಿ 12 ಸರಿ ಬಂದರೆ ಅದು ಬರೀ ಊಹೆಯಿಂದ ಬರುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. 13 ಬಂದರೆ ಶೇಕಡಾ 1ರ ಹತ್ತಿರ. ಹತ್ತರಲ್ಲಿ ಏಳು ಎಂದು ಬೀಗಬೇಡಿ, ಅದು ಊಹೆಯಿಂದಲೇ ಶೇಕಡಾ 17ರಷ್ಟು ಸಲ ಬರುತ್ತದೆ. ಎಂಟು, ಹತ್ತು ಬಂದವರು ಬೇರೆ ತುಣುಕು ಆರಿಸಿ ಮರುದಿನ ಮತ್ತೆ ಕೂರಬಹುದು. ಒಂದೇ ರಾತ್ರಿ ಎರಡು ಕಂತಿಗಿಂತ ಹೆಚ್ಚು ಬೇಡ, ಕಿವಿ ಸೋಲುತ್ತದೆ.

ವ್ಯತ್ಯಾಸ ನಿಜಕ್ಕೂ ಕೇಳಿಸಿದರೆ, ಕಾರಣ ಎಲ್ಲಿ?

ಮೂರನೆಯ ಟ್ರ್ಯಾಕ್ ಹಾಕಿ ವಾಲ್ಯೂಮ್ ಏರಿಸಿ, ಟ್ರ್ಯಾಕ್ ಮುಗಿಯುವ ಮುನ್ನ ಇಳಿಸಲು ಮರೆಯಬೇಡಿ. ಸಣ್ಣ ಸ್ವರದ ಹಿಂದೆ ಹಿಸ್, ಹಮ್, ಕಿಚಿಕಿಚಿ ಇದ್ದರೆ ಅದು ಪವರ್ ಸಪ್ಲೈ ಅಥವಾ ಔಟ್‌ಪುಟ್ ಸರ್ಕ್ಯೂಟಿನ ಸೋಲು. ಪಾಜ್ ಒತ್ತಿ ಸದ್ದು ಪರೀಕ್ಷಿಸುವುದರಿಂದ ಏನೂ ತಿಳಿಯದು, ಏಕೆಂದರೆ ಬಹಳಷ್ಟು ಪ್ಲೇಯರ್‌ಗಳು ಸಿಗ್ನಲ್ ಇಲ್ಲದಾಗ ಔಟ್‌ಪುಟ್ಟನ್ನೇ ಮ್ಯೂಟ್ ಮಾಡುತ್ತವೆ.

ಬಾಸ್ ತೆಳುವಾಗಿದ್ದರೆ ಔಟ್‌ಪುಟ್ ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಧ್ವನಿಯನ್ನಷ್ಟೇ ಹೊರಬಿಡುವ ಬಿಡಿಭಾಗ) ನೋಡಬೇಕು. 10 ಕಿಲೋ ಓಮಿನ ಇನ್‌ಪುಟ್‌ಗೆ 10 ಮೈಕ್ರೋಫ್ಯಾರಡ್ ಇದ್ದರೆ ಇಳಿತ 1.6 ಹರ್ಟ್ಸ್‌ನಲ್ಲಿ, ಯಾರಿಗೂ ಕೇಳಿಸದು. ಅದು ಒಣಗಿ 1 ಮೈಕ್ರೋಫ್ಯಾರಡ್‌ಗೆ ಬಂದಿದ್ದರೆ 16 ಹರ್ಟ್ಸ್‌ಗೇರಿ, 32 ಹರ್ಟ್ಸ್‌ನಲ್ಲಿ ಒಂದು ಡೆಸಿಬಲ್ ಹೋಗಿರುತ್ತದೆ. ಹತ್ತು ರೂಪಾಯಿಯ ಬಿಡಿಭಾಗ.

ದುಬಾರಿ ಕಡೆಯೂ ತಪ್ಪುಗಳಿವೆ, ಕೆಲವು ಬೇಕೆಂದೇ ಮಾಡಿದವು. ಓವರ್‌ಸ್ಯಾಂಪ್ಲಿಂಗ್ ಇಲ್ಲದ ‘ನಾಸ್’ ಡ್ಯಾಕ್‌ಗಳು (ಡ್ಯಾಕ್ ಎಂದರೆ ಡಿಸ್ಕಿನ ಅಂಕೆಗಳನ್ನು ಧ್ವನಿಯ ಸಿಗ್ನಲ್ ಆಗಿಸುವ ಸರ್ಕ್ಯೂಟ್) 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 3 ಡೆಸಿಬಲ್ ಇಳಿಯುತ್ತವೆ. ವ್ಯಾಕ್ಯೂಮ್ ಟ್ಯೂಬ್ ಔಟ್‌ಪುಟ್ ಇರುವ ಸೆಟ್ಟುಗಳು ಎರಡನೆಯ ಹಾರ್ಮೋನಿಕ್ ಬೆರೆಸುತ್ತವೆ. ಇವನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು, ಹಲವರಿಗೆ ಹಿತವೂ ಆಗುತ್ತದೆ. ಹಿತವಾದರೆ ಕೊಳ್ಳಿ, ಡಿಸ್ಕಿನಲ್ಲಿ ಇರುವುದನ್ನು ಇದೇ ಸರಿಯಾಗಿ ತೋರಿಸುತ್ತದೆ ಎಂದು ಮಾತ್ರ ವಾದಿಸಬೇಡಿ.

ಜಿಟರ್ (ಡಿಜಿಟಲ್ ಗಡಿಯಾರದ ಸಮಯದ ಅಲುಗಾಟ) ಬಗ್ಗೆ ಮಾರಾಟಗಾರರು ಹೇಳುವಷ್ಟು ಭಯ ಬೇಡ. ಸಂಗೀತದಲ್ಲಿ ಅದು ಕೇಳಿಸಬೇಕಾದರೆ ಹತ್ತಾರು ನ್ಯಾನೋಸೆಕೆಂಡ್ ಇರಬೇಕು, ಸಾಧಾರಣ ಪ್ಲೇಯರ್‌ನಲ್ಲೂ ಅದು ಒಂದು ನ್ಯಾನೋಸೆಕೆಂಡಿನ ಆಸುಪಾಸಿನಲ್ಲಿ ಇರುತ್ತದೆ.

ಗೀರುಬಿದ್ದ ಡಿಸ್ಕ್ ಓದುವ ಸಾಮರ್ಥ್ಯ ಬೇರೆ ವಿಷಯ, ಇದರಲ್ಲಿ ಸೆಟ್ಟಿನಿಂದ ಸೆಟ್ಟಿಗೆ ಭಾರಿ ಅಂತರ. ಸೀಡಿಯ ದೋಷ ತಿದ್ದುವ ವ್ಯವಸ್ಥೆ ಟ್ರ್ಯಾಕಿನ ಉದ್ದಕ್ಕೆ ಸುಮಾರು 2.4 ಮಿಲಿಮೀಟರ್ ಅಳಿಸಿಹೋದರೂ ಪೂರ್ತಿ ಮರಳಿಸಬಲ್ಲದು. ಬೇಡದ ಡಿಸ್ಕಿನ ಹೊಳೆಯುವ ಬದಿಗೆ ನಡುವಿನಿಂದ ಅಂಚಿಗೆ 0.5, 1, 1.5, 2 ಮಿಲಿಮೀಟರ್ ಅಗಲದ ಗೆರೆಗಳನ್ನು ಒಂದೊಂದಾಗಿ ಎಳೆಯುತ್ತ ಹಾಕಿ ನೋಡಿ. ಮಾರ್ಕರ್ ಪೆನ್ ಬೇಡ: ಎಷ್ಟೋ ಮಾರ್ಕರ್ ಶಾಯಿಗಳು 780 ನ್ಯಾನೋಮೀಟರ್‌ನ ಲೇಸರ್ ಬೆಳಕಿಗೆ ಪಾರದರ್ಶಕ. ಡ್ರಾಯಿಂಗಿನ ಕಾರ್ಬನ್ ಕಪ್ಪು ಶಾಯಿ ಎರಡು ಪದರ ಹಚ್ಚಿ ಒಣಗಿಸಿ. ಒಂದು ಮಿಲಿಮೀಟರ್ ಗೆರೆಗೇ ‘ಟಕ್ ಟಕ್’ ಎನ್ನುವ ಪ್ಲೇಯರ್‌ಗೆ ಲೆನ್ಸ್ ಮಬ್ಬು, ಇಲ್ಲವೇ ಲೇಸರ್ ಮುದಿಯಾಗಿದೆ.

ಕೊಳ್ಳುವ ತೀರ್ಮಾನ

ಅಗ್ಗದ ಪ್ಲೇಯರ್‌ನ ಅನಲಾಗ್ ಔಟ್ ಸೋತರೂ ಕೋಆಕ್ಸಿಯಲ್ ಅಥವಾ ಆಪ್ಟಿಕಲ್ ಡಿಜಿಟಲ್ ಔಟ್ ಇದ್ದರೆ ಅದನ್ನು ಎಸೆಯಬೇಡಿ. ಹೊರಗಿನ ಡ್ಯಾಕ್ ಜೋಡಿಸಿ ಮೇಲಿನ ಪರೀಕ್ಷೆಯನ್ನು ಮತ್ತೆ ಮಾಡಿ, ಹೆಚ್ಚಿನ ಸಲ 16ಕ್ಕೆ ಎಂಟರ ಆಸುಪಾಸು, ಅಂದರೆ ಬರೀ ಊಹೆಯಷ್ಟೇ ಬರುತ್ತದೆ. ಡ್ಯಾಕಿನ ಮೇಲೆ 44.1 ಎಂದು ತೋರಿಸುತ್ತಿದೆಯೇ ಗಮನಿಸಿ, 48 ಬಂದರೆ ಪ್ಲೇಯರ್ ಒಳಗೇ ದರ ಬದಲಿಸುತ್ತಿದೆ ಎಂದರ್ಥ.

ದುಬಾರಿ ಸೆಟ್ಟಿಗೆ ಹಣ ಕೊಡುವುದಾದರೆ ಸದ್ದಿಲ್ಲದ ಮೆಕ್ಯಾನಿಸಂ, ಗಟ್ಟಿ ಟ್ರೇ, ರಿಪೇರಿಯ ಅನುಕೂಲಕ್ಕೆ ಕೊಡಿ. ಅಂಗಡಿಯಲ್ಲಿ ಡ್ಯಾಕ್ ಚಿಪ್‌ನ ಹೆಸರು ಕೇಳುವ ಮೊದಲು ಪಿಕಪ್‌ನ ನಂಬರ್ ಕೇಳಿ. ಸೋನಿಯ ಕೆಎಸ್‌ಎಸ್-213, ಸ್ಯಾನ್ಯೋದ ಎಸ್‌ಎಫ್-ಪಿ101ಎನ್ ಮಾದರಿಯ ಪಿಕಪ್‌ಗಳು ಇಂದಿಗೂ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಊರಿನ ಮೆಕ್ಯಾನಿಕ್ ಒಂದು ಗಂಟೆಯಲ್ಲಿ ಬದಲಿಸುತ್ತಾರೆ. ಬಿಡಿಭಾಗ ನಿಂತುಹೋದ ಹಳೆಯ ಹೈ-ಎಂಡ್ ಪಿಕಪ್ ಇರುವ ಸೆಟ್ಟಾದರೆ, ಅದರ ಬೆಲೆಯನ್ನು ಅರ್ಧಕ್ಕೆ ಇಳಿಸಿ ಚೌಕಾಸಿ ಶುರುಮಾಡಿ.